ಎಕ್ಸ್‌ಎಂಎಲ್ ಇಂಟರ್‌ಫೇಸ್‌ನಲ್ಲಿ ಸಾಲು ಮುರಿತ

ಎಕ್ಸ್‌ಎಂಎಲ್ ಇಂಟರ್‌ಫೇಸ್‌ನಲ್ಲಿ ಸಾಲು ಮುರಿತ ಎಂಬುದು ಎಕ್ಸ್‌ಎಂಎಲ್ ಆಧಾರಿತ ಗುರುತು ಭಾಷೆಯಲ್ಲಿ ಬರೆದ ತಂತ್ರಾಂಶದ ಪರದೆಯಲ್ಲಿ, ಒಂದೇ ಲೇಬಲ್‌ನ ಪಠ್ಯವನ್ನು ಎರಡು ಅಥವಾ ಹೆಚ್ಚು ಸಾಲುಗಳಾಗಿ ತೋರಿಸುವ ವಿಧಾನ. ಮೈಕ್ರೋಸಾಫ್ಟ್‌ನ ಝ್ಯಾಮಲ್ ಹಾಗೂ ಆಂಡ್ರಾಯ್ಡ್‌ನ ವಿನ್ಯಾಸ ಕಡತಗಳು ಇಂತಹ ಗುರುತು ಭಾಷೆಗೆ ಉದಾಹರಣೆಗಳು.

ಹಿನ್ನೆಲೆ

ಎಕ್ಸ್‌ಎಂಎಲ್ 1.0 ಆವೃತ್ತಿಯು 1998ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟದ ಶಿಫಾರಸಾಗಿ ಪ್ರಕಟವಾಯಿತು. ಅದರ ನಿಯಮದಂತೆ, ಆಟ್ರಿಬ್ಯೂಟ್‌ನ ಉದ್ಧರಣ ಚಿಹ್ನೆಗಳ ನಡುವೆ ಎಂಟರ್ ಕೀಲಿ ಒತ್ತಿ ಹೊಸ ಸಾಲು ಬರೆದರೆ, ಕಡತವನ್ನು ಓದುವ ಪಾರ್ಸರ್ ಅದನ್ನು ಖಾಲಿ ಜಾಗವಾಗಿ ಬದಲಿಸುತ್ತದೆ. ಆದ್ದರಿಂದ ಸಂಪಾದಕದಲ್ಲಿ ಮೂರು ಸಾಲಾಗಿ ಕಂಡ ಪಠ್ಯ ಪರದೆಯ ಮೇಲೆ ಒಂದೇ ಸಾಲಾಗುತ್ತದೆ. ಸಂಖ್ಯಾ ಸಂಕೇತವಾಗಿ ಬರೆದ ಹೊಸ ಸಾಲಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ.

ವಿಧಾನಗಳು

ಮಂಡ್ಯ ಜಿಲ್ಲೆಯ ಮೂರು ಊರುಗಳ ಹೆಸರನ್ನು ಒಂದರ ಕೆಳಗೊಂದು ತೋರಿಸಬೇಕಾದ ಬಸ್ ಮಾಹಿತಿ ಫಲಕವನ್ನು ಉದಾಹರಣೆಯಾಗಿ ನೋಡಬಹುದು:

<ಲೇಬಲ್ ಪಠ್ಯ="ಮಂಡ್ಯ&#10;ಮದ್ದೂರು&#10;ಮಳವಳ್ಳಿ"/>

ಇಲ್ಲಿನ ಟ್ಯಾಗ್ ಹೆಸರುಗಳು ವಿವರಣೆಗಾಗಿ ಮಾತ್ರ. ಎಕ್ಸ್‌ಎಂಎಲ್ ಕನ್ನಡ ಲಿಪಿಯ ಹೆಸರುಗಳನ್ನು ಒಪ್ಪಿದರೂ ಪ್ರತಿ ವ್ಯವಸ್ಥೆಗೆ ತನ್ನದೇ ಟ್ಯಾಗ್‌ಗಳಿರುತ್ತವೆ. &#10; ಎಂಬುದು ಹೊಸ ಸಾಲಿನ ಸಂಕೇತ; 10 ಎಂಬುದು ಆ ಅಕ್ಷರದ ಯೂನಿಕೋಡ್ ಸಂಖ್ಯೆ.

ಝ್ಯಾಮಲ್‌ನಲ್ಲಿ ಟೆಕ್ಸ್ಟ್‌ಬ್ಲಾಕ್ ಎಲಿಮೆಂಟಿನೊಳಗೆ ಪದಗಳ ನಡುವೆ ಲೈನ್‌ಬ್ರೇಕ್ ಟ್ಯಾಗ್ ಇಡುವುದು ಎರಡನೆಯ ವಿಧಾನ. ಆಂಡ್ರಾಯ್ಡ್‌ನ ಪಠ್ಯ ಕಡತಗಳಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಗೂ ಅದರ ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ‘ಎನ್’ ಅಕ್ಷರ ಬರೆಯುವುದು ರೂಢಿ. ಇದೇ ಜೋಡಿಯನ್ನು ಝ್ಯಾಮಲ್ ಆಟ್ರಿಬ್ಯೂಟ್‌ನಲ್ಲಿ ಬರೆದರೆ ಆ ಎರಡು ಚಿಹ್ನೆಗಳೇ ಪರದೆಯ ಮೇಲೆ ಕಾಣುತ್ತವೆ. ಸಾಲು ಎಲ್ಲಿ ಮುರಿದರೂ ಅಡ್ಡಿಯಿಲ್ಲದ ಉದ್ದನೆಯ ವಾಕ್ಯಗಳಿಗೆ, ಲಭ್ಯ ಅಗಲಕ್ಕೆ ತಕ್ಕಂತೆ ಪಠ್ಯವನ್ನು ತಾನಾಗಿ ಮಡಿಸುವ ಸೌಲಭ್ಯವೇ ಸೂಕ್ತ.

ಕನ್ನಡ ಪಠ್ಯದಲ್ಲಿ

ಕನ್ನಡದಲ್ಲಿ ಸಾಲು ಸಾಮಾನ್ಯವಾಗಿ ಪದಗಳ ನಡುವಿನ ಖಾಲಿ ಜಾಗದಲ್ಲಿ ಮುರಿಯುತ್ತದೆ. ಪದದೊಳಗೆ ಮುರಿಯಬೇಕಾದಾಗಲೂ ಅಕ್ಷರವನ್ನು ಒಡೆಯಬಾರದು. ‘ಮಳವಳ್ಳಿ’ಯ ಕೊನೆಯ ‘ಳ್ಳಿ’ ಓದುಗರಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಳಕಾರ, ವಿರಾಮ ಚಿಹ್ನೆ, ಮತ್ತೊಂದು ಳಕಾರ ಹಾಗೂ ಇಕಾರದ ಗುಣಿತ ಎಂಬ ನಾಲ್ಕು ಸಂಕೇತಗಳ ಸರಣಿ. ಸಂಕೇತಗಳನ್ನು ಎಣಿಸಿ ಪಠ್ಯವನ್ನು ಕತ್ತರಿಸುವ ತಂತ್ರಾಂಶದಲ್ಲಿ ಒಂದು ಸಾಲು ‘ಮಳವಳ್’ ಎಂದು ಮುಗಿದು, ಮುಂದಿನ ಸಾಲು ‘ಳಿ’ ಎಂದು ಆರಂಭವಾಗಬಹುದು.

ಸಾಲಿನ ಎತ್ತರವೂ ಮುಖ್ಯ. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರೂ ಹೆಸರುಗಳಲ್ಲಿ ಒತ್ತಕ್ಷರಗಳಿವೆ. ಇಂಗ್ಲಿಷ್ ಅಕ್ಷರಗಳನ್ನು ಲೆಕ್ಕಕ್ಕೆ ಹಿಡಿದು ಎತ್ತರವನ್ನು ನಿಗದಿಪಡಿಸಿದ ಲೇಬಲ್‌ನಲ್ಲಿ ಒತ್ತುಗಳ ತಳಭಾಗ ಕತ್ತರಿಸಿಹೋಗಬಹುದು ಅಥವಾ ಕೆಳಗಿನ ಸಾಲಿಗೆ ತಾಗಬಹುದು. ಎತ್ತರವನ್ನು ಪಠ್ಯಕ್ಕೆ ತಕ್ಕಂತೆ ಹೊಂದಿಕೊಳ್ಳಲು ಬಿಟ್ಟರೆ ಈ ತೊಂದರೆ ತಪ್ಪುತ್ತದೆ.

ಅನುವಾದದಲ್ಲಿ

ಇಂಗ್ಲಿಷಿನಲ್ಲಿ ‘ಟು’ ಎಂಬ ಪದ ಒಂದು ಸಾಲಿನಲ್ಲಿಯೂ ಊರಿನ ಹೆಸರು ಮುಂದಿನ ಸಾಲಿನಲ್ಲಿಯೂ ಇರಬಹುದು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ಹೆಸರಿಗೇ ಅಂಟಿಕೊಳ್ಳುತ್ತದೆ. ಅದರ ರೂಪವೂ ಹೆಸರಿಗೆ ತಕ್ಕಂತೆ ಬದಲಾಗುತ್ತದೆ: ಮಂಡ್ಯಕ್ಕೆ, ಮದ್ದೂರಿಗೆ, ಮಳವಳ್ಳಿಗೆ. ಹೀಗಾಗಿ ಊರಿನ ಹೆಸರನ್ನೂ ಪ್ರತ್ಯಯವನ್ನೂ ಬೇರೆ ಸಾಲುಗಳಲ್ಲಿಟ್ಟು ಜೋಡಿಸುವ ವಿನ್ಯಾಸ ಕನ್ನಡಕ್ಕೆ ಹೊಂದುವುದಿಲ್ಲ. ಸಾಲು ಮುರಿತದ ಸಂಕೇತವನ್ನು ವಿನ್ಯಾಸದಲ್ಲಿ ಸ್ಥಿರವಾಗಿಡದೆ ಅನುವಾದಿಸಬೇಕಾದ ಪಠ್ಯದೊಳಗೇ ಇರಿಸಿದರೆ, ಅನುವಾದಕರು ಅದನ್ನು ಕನ್ನಡ ವಾಕ್ಯಕ್ಕೆ ಒಪ್ಪುವ ಸ್ಥಾನಕ್ಕೆ ಸರಿಸಬಹುದು ಅಥವಾ ಅಗತ್ಯವಿಲ್ಲದಿದ್ದರೆ ತೆಗೆದುಹಾಕಬಹುದು.