ಐದು ಲಕ್ಷದ ಕಾರ್ಡು, ಹತ್ತು ಸಾವಿರದ ಗೆರೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂ. ದಾಟುವಂತಿಲ್ಲ. ಬಿಪಿಎಲ್ ಕಾರ್ಡಿನ ಆದಾಯ ಮಿತಿ ವರ್ಷಕ್ಕೆ 1.2 ಲಕ್ಷ ರೂ., ಅಂದರೆ ತಿಂಗಳಿಗೆ 10,000.

ತಳ್ಳುಗಾಡಿಯಲ್ಲಿ ತರಕಾರಿ ಮಾರಿ ತಿಂಗಳಿಗೆ 11,000 ದುಡಿಯುವ ಅಪ್ಪನೊಬ್ಬನನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಗಳಿಗೆ 1 ಲಕ್ಷ ರೂ. ಪ್ಯಾಕೇಜಿನ ಶಸ್ತ್ರಚಿಕಿತ್ಸೆ ಆಗಬೇಕಾದರೆ ಸರ್ಕಾರದ ಪಾಲು 30,000, ಅವನ ಪಾಲು 70,000. ಆರು ತಿಂಗಳಿಗೂ ಮೀರಿದ ದುಡಿಮೆ ಅದು. ಗೆರೆಯಿಂದ ಆತ ಆಚೆಗಿರುವುದು ಬರೀ ಒಂದು ಸಾವಿರ ರೂಪಾಯಿ! ಕಾರ್ಖಾನೆಯ ನೌಕರನಾಗಿದ್ದರೆ 21,000 ರೂ. ಸಂಬಳದವರೆಗೂ ಇಎಸ್‌ಐ ಸಿಗುತ್ತಿತ್ತು, ಮಕ್ಕಳಿಗೂ ಸಲ್ಲುತ್ತಿತ್ತು.

ಈ ಕಾರ್ಡಿನ ಹೊರತಾಗಿ, ಮಕ್ಕಳಿಗೆ ಹುಟ್ಟಿನಿಂದ ಬಂದ ಹೃದಯದ ತೊಂದರೆ, ಸೀಳುತುಟಿಯಂಥವಕ್ಕೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅದರಡಿ ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಯಲ್ಲಿ ಒಂದು ಸಲ ತಪಾಸಣೆ ನಡೆಯಬೇಕು.

ಹಿಂದಿಗಿಂತ ಪರಿಸ್ಥಿತಿ ಸುಧಾರಿಸಿದೆ ಎನ್ನುವುದನ್ನು ಒಪ್ಪಲೇಬೇಕು. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಕೊಡುತ್ತಿದ್ದುದು ಕುಟುಂಬಕ್ಕೆ ವರ್ಷಕ್ಕೆ 30,000 ರೂ., ಐದೇ ಮಂದಿಗೆ. ಅಜ್ಜ ಅಜ್ಜಿ, ಅಪ್ಪ ಅಮ್ಮನ ಹೆಸರು ಬರೆಸಿದರೆ ಉಳಿದದ್ದು ಒಂದೇ ಮಗುವಿನ ಜಾಗ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಖಾಸಗಿ ಆಸ್ಪತ್ರೆಗೆ ಒಮ್ಮೆ ದಾಖಲಾದ ಸರಾಸರಿ ಖರ್ಚೇ 31,845 ರೂ. ಇತ್ತು. ಇಡೀ ವರ್ಷದ ವಿಮೆ ಒಂದು ದಾಖಲಾತಿಗೂ ಸಾಲುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಸರಾಸರಿ 4,452 ರೂ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ತಲೆ ಎಣಿಸುವುದನ್ನು ಕೈಬಿಟ್ಟಿತು.

ಆದರೆ ಈ ಕಾರ್ಡು ಅಡ್ಮಿಟ್ ಆದವರಿಗೆ. ಅಡ್ಮಿಷನ್ನಿನ ಹಿಂದಿನ ಮೂರು ದಿನ, ಡಿಸ್ಚಾರ್ಜ್ ಆದಮೇಲಿನ ಹದಿನೈದು ದಿನದ ಔಷಧಿ, ಪರೀಕ್ಷೆ ಅದರಲ್ಲೇ ಸೇರುತ್ತವೆ, ಹೊರರೋಗಿ ವಿಭಾಗದ ಚೀಟಿ ಸೇರುವುದಿಲ್ಲ. ಮಕ್ಕಳ ಜ್ವರ, ಭೇದಿ, ಕಿವಿನೋವು ಬಹುಪಾಲು ಮುಗಿಯುವುದು ಆ ಚೀಟಿಯಲ್ಲೇ. 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4 ಜನರ ಜೇಬಿನಿಂದಲೇ ಹೋಗಿತ್ತು. ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗೆ ವರ್ಷದ 365 ದಿನವೂ ಇನ್ಸುಲಿನ್ ಬೇಕು, ಅದಕ್ಕಾಗಿ ಯಾರೂ ದಿನಾ ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಕ್ ಇದ್ದರೆ ಸರಿ, ಇಲ್ಲದಿದ್ದರೆ ಮೆಡಿಕಲ್ ಸ್ಟೋರಿನ ಬಿಲ್ಲು ಮನೆಯವರದ್ದೇ.