ಸಕ್ಕರಿ ರೋಗ: ದಿನಾಲೂ ಕಾಲು ನೋಡಿಕೊಳ್ಳೋಣ



ಸಕ್ಕರಿ ರೋಗದ ಹೆಸರು ಕೇಳದವರು ನಮ್ಮ ದೊಡವಾಡದ ಕಡೆ ಈಗ ಯಾರೂ ಇಲ್ಲ. ಓಣಿ ಓಣಿಯಲ್ಲಿ "ನನಗ ಶುಗರ್ ಐತಿ" ಅನ್ನುವವರು ಸಿಗುತ್ತಾರೆ. ಮೊದಲು ಇದನ್ನು ಶ್ರೀಮಂತರ ರೋಗ ಅನ್ನುತ್ತಿದ್ದರು. ಕುಂತು ಉಣ್ಣುವವರಿಗೆ ಬರುತ್ತದೆ, ಹೊಲದಲ್ಲಿ ದುಡಿಯುವವರಿಗೆ ಬರುವುದಿಲ್ಲ ಅನ್ನುತ್ತಿದ್ದರು. ಆ ಮಾತು ಈಗ ನಿಲ್ಲುವುದಿಲ್ಲ. ಇಡೀ ದೇಶದಲ್ಲಿ ನಡೆದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ 2023ರಲ್ಲಿ ಹೊರಗೆ ಬಂತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರಿ ರೋಗ ಇದೆ ಎಂದು ಅದರಿಂದ ತಿಳಿಯಿತು. ಹಳ್ಳಿಯವರೂ ಅದರಲ್ಲಿ ಇದ್ದಾರೆ. ಕೂಲಿ ಮಾಡುವವರೂ ಇದ್ದಾರೆ.

ಈ ರೋಗ ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ. "ಇನ್ನ ಮ್ಯಾಲೆ ಸಿಹಿ ತಿನ್ನಬಾರದೇನ್ರಿ?" ಸಿಹಿಯ ಮಾತು ಆಮೇಲೆ ಆಡೋಣ. ಮೊದಲು ಕಾಲಿನ ಮಾತು ಆಡೋಣ. ಸಕ್ಕರಿ ರೋಗಕ್ಕೂ ಕಾಲಿಗೂ ಏನು ಸಂಬಂಧ ಅಂತೀರೇನು? ಬಹಳ ಸಂಬಂಧ ಇದೆ.

ಕಾಲುವೆ ತುಂಬಿದೆ, ಹೊಲ ಒಣಗಿದೆ

ಸವದತ್ತಿಯ ಹತ್ತಿರ ನವಿಲುತೀರ್ಥದ ಆಣೆಕಟ್ಟು ನೋಡಿದ್ದೀರಿ. ಅಲ್ಲಿಂದ ಮಲಪ್ರಭೆಯ ನೀರು ಕಾಲುವೆಗೆ ಬರುತ್ತದೆ. ಕಾಲುವೆಯಿಂದ ಹೊಲಕ್ಕೆ ನೀರು ಹೋಗಬೇಕಾದರೆ ತೂಬು ತೆರೆಯಬೇಕು. ತೂಬು ತೆರೆಯದಿದ್ದರೆ ಏನಾಗುತ್ತದೆ? ಕಾಲುವೆ ತುಂಬಿ ತುಳುಕುತ್ತದೆ. ಹೊಲ ಮಾತ್ರ ಒಣಗುತ್ತದೆ.

ನಮ್ಮ ಮೈಯಲ್ಲಿಯೂ ಹೀಗೇ. ನಾವು ಉಂಡ ರೊಟ್ಟಿ, ಅನ್ನ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದು ಮೈಯ ಎಲ್ಲ ಭಾಗಕ್ಕೂ ಹೋಗಬೇಕು. ಆಗ ಶಕ್ತಿ ಬರುತ್ತದೆ. ಆ ತೂಬು ತೆರೆಯುವುದು ಇನ್ಸುಲಿನ್ ಎಂಬ ರಸ. ಇದು ಹೊಟ್ಟೆಯ ಹಿಂದೆ ಇರುವ ಒಂದು ಗ್ರಂಥಿಯಲ್ಲಿ ಹುಟ್ಟುತ್ತದೆ. ಈ ರಸ ಕಡಿಮೆಯಾದರೆ, ಇಲ್ಲವೆ ಇದ್ದರೂ ಸರಿಯಾಗಿ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ ಬರುತ್ತದೆ, ನೀರಡಿಕೆ ಆಗುತ್ತದೆ, ಎಷ್ಟು ಉಂಡರೂ ನಿಶ್ಶಕ್ತಿ. ಹೆಣ್ಣುಮಕ್ಕಳಿಗೆ ಮೂತ್ರದ ಜಾಗದಲ್ಲಿ ತುರಿಕೆಯೂ ಆಗುತ್ತದೆ. ನಾಚಿಕೆಪಟ್ಟು ಯಾರಿಗೂ ಹೇಳುವುದಿಲ್ಲ. ಹೇಳಬೇಕು.

ಎಷ್ಟೋ ಮಂದಿಗೆ ಇದು ಯಾವುದೂ ಆಗುವುದಿಲ್ಲ. ವರ್ಷಗಟ್ಟಲೆ ರೋಗ ಇದ್ದರೂ ಗೊತ್ತಾಗುವುದಿಲ್ಲ. ನೋವು ಇಲ್ಲ, ಜ್ವರ ಇಲ್ಲ. ಅದೇ ಈ ರೋಗದ ಕೆಟ್ಟ ಗುಣ. ಅದಕ್ಕೇ 30 ವರ್ಷ ದಾಟಿದವರೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಸರಕಾರಿ ದವಾಖಾನೆಯಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ.

ನೋವಿಲ್ಲದ ಗಾಯ

ಈಗ ಕಾಲಿಗೆ ಬರೋಣ.

ರಕ್ತದಲ್ಲಿ ಸಕ್ಕರೆ ಬಹಳ ದಿನ ಹೆಚ್ಚಾಗಿಯೇ ಇದ್ದರೆ ನರಗಳು ಕೆಡುತ್ತವೆ. ಮೊದಲು ಕೆಡುವುದು ಕಾಲಿನ ನರಗಳು. ಆರಂಭದಲ್ಲಿ ಅಂಗಾಲು ಜುಮುಜುಮು ಅನ್ನುತ್ತದೆ. ರಾತ್ರಿ ಚುರುಚುರು ಉರಿಯುತ್ತದೆ. ಕೆಲವರಿಗೆ ಹತ್ತಿಯ ಮೇಲೆ ನಡೆದಂತೆ ಅನಿಸುತ್ತದೆ. ಕೆಲವು ವರ್ಷದ ಮೇಲೆ ಉರಿ ನಿಲ್ಲುತ್ತದೆ. "ಉರಿ ಹೋತು, ಆರಾಮಾತು" ಎಂದು ಖುಷಿ ಆಗುತ್ತದೆ. ಎಷ್ಟೋ ಸಲ ಆರಾಮ ಆಗಿರುವುದಿಲ್ಲ. ಕಾಲಿಗೆ ಸ್ಪರ್ಶವೇ ಹೋಗಿರುತ್ತದೆ.

ಸ್ಪರ್ಶ ಹೋದರೆ ಏನಾಗುತ್ತದೆ? ಒಬ್ಬ ಅಕ್ಕ ಸೋಯಾ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ಅಡ್ಡಾಡುತ್ತಾಳೆ ಅಂತ ತಿಳಿಯಿರಿ. ಸೋಯಾದ ಕೂಳೆ ಎಷ್ಟು ಚೂಪು ಇರುತ್ತದೆ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಅಂಗಾಲಿಗೆ ಕೂಳೆ ಚುಚ್ಚಿತು. ಉಳಿದವರಾದರೆ "ಅಯ್ಯವ್ವ" ಎಂದು ಕೂತು ನೋಡುತ್ತಿದ್ದರು. ಈಕೆಗೆ ಗೊತ್ತೇ ಆಗಲಿಲ್ಲ. ಅದೇ ಕಾಲಲ್ಲಿ ಮನೆಗೆ ಬಂದಳು, ಸೆಗಣಿ ಬಳಿದಳು, ಮರುದಿನ ಮತ್ತೆ ಹೊಲಕ್ಕೆ ಹೋದಳು. ನಾಲ್ಕು ದಿನದ ಮೇಲೆ ಬಾವು ಬಂತು. ನೋವು ಇಲ್ಲವಲ್ಲ ಎಂದು ಅರಿಶಿನ ಹಚ್ಚಿ ಸುಮ್ಮನಾದಳು. ಹತ್ತು ದಿನಕ್ಕೆ ಕೀವು, ವಾಸನೆ. ಸಕ್ಕರೆ ಹೆಚ್ಚಿದ್ದರೆ ಗಾಯ ಬೇಗ ಮಾಯುವುದಿಲ್ಲ. ಕಾಲಿನ ರಕ್ತನಾಳ ಸಣ್ಣದಾಗಿದ್ದರೆ ಇನ್ನೂ ಕಷ್ಟ. ಹುಣ್ಣು ಎಲುಬಿಗೆ ಇಳಿದರೆ ಬೆರಳು ತೆಗೆಯಬೇಕಾಗುತ್ತದೆ. ಒಮ್ಮೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ. ಸಕ್ಕರಿ ರೋಗದಿಂದ ಕಾಲು ಕಳೆದುಕೊಂಡವರ ಕತೆ ಬಹುಪಾಲು ಇಂಥ ಒಂದು ಸಣ್ಣ ಗಾಯದಿಂದಲೇ ಶುರುವಾಗುತ್ತದೆ.

ಇದನ್ನು ತಿಳಿಸಿಕೊಟ್ಟ ಒಬ್ಬ ವೈದ್ಯರ ಹೆಸರು ಡಾ. ಪಾಲ್ ಬ್ರಾಂಡ್. ಅವರು 1946ರಲ್ಲಿ ತಮಿಳುನಾಡಿನ ವೆಲ್ಲೂರಿಗೆ ಬಂದರು. ಕುಷ್ಠರೋಗಿಗಳನ್ನು ನೋಡಿಕೊಂಡರು. ಕುಷ್ಠ ಬಂದರೆ ಬೆರಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಆಗ ಜನ ನಂಬಿದ್ದರು. ಹಾಗಲ್ಲ, ಸ್ಪರ್ಶ ಇಲ್ಲದ್ದಕ್ಕೆ ಗಾಯ ಗೊತ್ತಾಗುವುದಿಲ್ಲ, ಗಾಯದಿಂದಲೇ ಬೆರಳು ಹೋಗುತ್ತವೆ ಎಂದು ಅವರು ತೋರಿಸಿದರು. ಮುಂದೆ ಅದೇ ತಿಳಿವಳಿಕೆ ಸಕ್ಕರಿ ರೋಗದವರ ಕಾಲಿಗೂ ಉಪಯೋಗವಾಯಿತು. ನೋವನ್ನು ನಾವು ಬೈಯುತ್ತೇವೆ. ಆದರೆ ನೋವು ಮನೆ ಕಾಯುವ ನಾಯಿ ಇದ್ದಂತೆ. ನಾಯಿ ಇಲ್ಲದ ಮನೆಯಲ್ಲಿ ನಾವೇ ಎದ್ದು ನೋಡಬೇಕು.

ಹೇಗೆ ನೋಡಬೇಕು?

ರಾತ್ರಿ ಕೆಲಸ ಎಲ್ಲ ಮುಗಿದ ಮೇಲೆ, ಕಾಲು ತೊಳೆದುಕೊಂಡು ದೀಪದ ಬೆಳಕಿಗೆ ಕೂಡಿರಿ. ಬೆರಳ ಸಂದಿ ಒಣ ಬಟ್ಟೆಯಿಂದ ಒರೆಸಿರಿ. ಮೇಲೆ, ಕೆಳಗೆ, ಹಿಂಬಡ, ಬೆರಳ ಸಂದಿ ಎಲ್ಲ ಕಡೆ ನೋಡಿರಿ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅದರಲ್ಲಿ ನೋಡಿರಿ. ಕಣ್ಣು ಮಂಜಾಗಿದ್ದರೆ ಮಗಳನ್ನೋ ಸೊಸೆಯನ್ನೋ ಕರೆಯಿರಿ. "ಅತ್ತೀ ಕಾಲು ನಾ ಯಾಕ ನೋಡಬೇಕು" ಅನ್ನುವ ಸೊಸೆಗೂ ಈ ಪುಸ್ತಕ ಓದಿ ಹೇಳಿರಿ.

ಏನು ನೋಡಬೇಕು? ಮುಳ್ಳು, ಗೀರು, ಗುಳ್ಳೆ, ಬಿರುಕು, ಬಾವು. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಇದೆಯೇ? ಕೆಂಪಾಗಿದೆಯೇ, ಕಪ್ಪಾಗಿದೆಯೇ? ಗಾಯ, ಕೀವು, ಬಾವು, ಕಪ್ಪು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ದವಾಖಾನೆಗೆ ಹೋಗಬೇಕು. ಸಂತಿ ಮುಗೀಲಿ, ಕಟಾವು ಮುಗೀಲಿ ಅನ್ನಬಾರದು. ಗಾಯಕ್ಕೆ ಸುಣ್ಣ, ತಂಬಾಕು, ಬೂದಿ ಹಚ್ಚಬಾರದು. ಶುದ್ಧ ನೀರಿನಿಂದ ತೊಳೆದು, ಒಗೆದ ಬಟ್ಟೆ ಕಟ್ಟಿಕೊಂಡು ಹೋಗಿರಿ.

ಕಾಲುಂಗುರದ ಮಾತು ಯಾರೂ ಹೇಳುವುದಿಲ್ಲ, ನಾವು ಹೇಳುತ್ತೇವೆ. ಮದುವೆಯಲ್ಲಿ ಹಾಕಿದ ಉಂಗುರ, ಇಪ್ಪತ್ತು ವರ್ಷದ ಮೇಲೆ ಬೆರಳು ದಪ್ಪಾದಾಗ ಬಿಗಿಯುತ್ತದೆ. ಅದರ ಕೆಳಗೆ ಕೆಸರು ಸೇರುತ್ತದೆ, ಚರ್ಮ ಬಿರಿಯುತ್ತದೆ. ಉಂಗುರ ತೆಗೆಯಲು ಮನಸ್ಸು ಒಪ್ಪದಿದ್ದರೆ ಬೇಡ. ಪತ್ತಾರರ ಹತ್ತಿರ ಹೋಗಿ ಸಡಿಲ ಮಾಡಿಸಿರಿ. ದಿನಾಲೂ ಉಂಗುರ ಸರಿಸಿ ಕೆಳಗೆ ನೋಡಿರಿ. ಗಾಯವಿದ್ದರೆ ಮಾಯುವವರೆಗೆ ತೆಗೆದಿಡಿರಿ. ಮುತ್ತೈದೆತನಕ್ಕೆ ಏನೂ ಆಗುವುದಿಲ್ಲ.

ಮನೆಯ ಒಳಗೂ ಹೊರಗೂ ಚಪ್ಪಲಿ ಹಾಕಿರಿ. ಒಳಗೆ ಹಾಕುವುದಕ್ಕೆ ಬೇರೆ ಜೋಡು ಇಟ್ಟುಕೊಳ್ಳಿರಿ, ದೇವರ ಮನೆಗೆ ಮಾತ್ರ ಬಿಡಿರಿ. ಮೆತ್ತನೆಯ ರಬ್ಬರಿನ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಎಂ.ಸಿ.ಆರ್. ಚಪ್ಪಲಿ ಅಂದರೆ ಅಂಗಡಿಯವರಿಗೆ ತಿಳಿಯುತ್ತದೆ. ಹಾಕುವ ಮೊದಲು ಕೊಡವಿರಿ. ಹರಳು ಒಳಗಿದ್ದರೆ ನಿಮಗೆ ಗೊತ್ತಾಗುವುದಿಲ್ಲ. ಜಳಕದ ನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು, ಮೊಣಕೈ ಅದ್ದಿ ನೋಡಬೇಕು. ಚಳಿಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕಾಸಬಾರದು. ಸುಟ್ಟರೂ ತಿಳಿಯುವುದಿಲ್ಲ. ಹಿಂಬಡ ಒಡೆದರೆ ಕೊಬ್ಬರಿ ಎಣ್ಣೆ ಹಚ್ಚಿರಿ, ಬೆರಳ ಸಂದಿಗೆ ಹಚ್ಚಬೇಡಿರಿ. ಉಗುರನ್ನು ನೇರವಾಗಿ ಕತ್ತರಿಸಿರಿ. ಆಣಿ ಬಂದರೆ ಬ್ಲೇಡು ಹಿಡಿಯಬೇಡಿರಿ.

ಎಲ್ಲಮ್ಮನ ಗುಡ್ಡಕ್ಕೆ ಬರಿಗಾಲಲ್ಲಿ ಬರುತ್ತೇನೆ ಎಂದು ಹರಕೆ ಹೊತ್ತವರು ನಮ್ಮಲ್ಲಿ ಬಹಳ. ಭಾರತ ಹುಣ್ಣಿಮೆಗೆ ದಾರಿ ತುಂಬ ಜನ ನಡೆಯುತ್ತಾರೆ. ಸ್ಪರ್ಶ ಹೋದ ಕಾಲಿಗೆ ಈ ನಡಿಗೆ ಅಪಾಯ. ಬಿಸಿಲಿಗೆ ಕಾದ ಕಲ್ಲು ಅಂಗಾಲು ಸುಡುತ್ತದೆ. ದಾರಿಯುದ್ದಕ್ಕೂ ಚಪ್ಪಲಿ ಹಾಕಿಕೊಂಡು ಹೋಗಿರಿ, ಗುಡಿಯ ಹತ್ತಿರ ಬಿಡಿರಿ. ಅಲ್ಲಿ ದಪ್ಪನೆಯ ಕಾಲುಚೀಲ ಹಾಕಿಕೊಳ್ಳಿರಿ. ನೆಲ ಕಾಯುವ ಮೊದಲು, ಬೆಳಿಗ್ಗೆಯೇ ದರ್ಶನ ಮಾಡಿರಿ. ತಾಯಿ ಕೇಳುವುದು ಭಕ್ತಿಯನ್ನು, ಕಾಲನ್ನಲ್ಲ ಎಂದು ನಮಗೆ ಅನಿಸುತ್ತದೆ.

ಊಟ, ಗುಳಿಗಿ

ಈಗ ಸಿಹಿಯ ಮಾತು. "ಸಕ್ಕರಿ ಬಿಟ್ಟೇನ್ರಿ, ಬೆಲ್ಲ ತಿಂತೇನಿ" ಅನ್ನುವವರಿದ್ದಾರೆ. ಕಬ್ಬಿನಿಂದಲೇ ಸಕ್ಕರೆ, ಕಬ್ಬಿನಿಂದಲೇ ಬೆಲ್ಲ. ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ಜೇನುತುಪ್ಪವೂ ಅಷ್ಟೇ. ಚಹಾದ ಲೆಕ್ಕ ಹಾಕಿ ನೋಡಿರಿ. ಒಂದು ಕಪ್ಪಿಗೆ 2 ಚಮಚ ಸಕ್ಕರೆ, ದಿನಕ್ಕೆ 5 ಕಪ್ಪು ಚಹಾ. ಒಟ್ಟು 10 ಚಮಚ. ಹೋಳಿಗೆ ತಿನ್ನದೆಯೇ ಇಷ್ಟು!

ಜೋಳದ ರೊಟ್ಟಿ ಒಳ್ಳೆಯದು. ಬಿಳಿ ಅನ್ನಕ್ಕಿಂತ ನಿಧಾನ ಕರಗುತ್ತದೆ. ಹಾಗೆಂದು ಐದಾರು ರೊಟ್ಟಿ ತಿಂದರೆ ಸಕ್ಕರೆ ಏರದೆ ಇರುವುದಿಲ್ಲ. ರೊಟ್ಟಿ ಒಂದು ಕಡಿಮೆ ಮಾಡಿರಿ, ಪಲ್ಲೆ ಹೆಚ್ಚು ಮಾಡಿರಿ. ಮೆಂತೆ, ಪುಂಡಿಪಲ್ಲೆ, ಹಕ್ಕರಕಿ, ಸೌತಿಕಾಯಿ ನಮ್ಮ ಹೊಲದಲ್ಲೇ ಬೆಳೆಯುತ್ತವೆ. ಮಡಕಿ, ಹೆಸರು, ಕಡಲೆ ಕಾಳಿನ ಪಲ್ಲೆ ಹೊಟ್ಟೆ ತುಂಬಿಸುತ್ತದೆ. ಉಪವಾಸದ ದಿನದ ಸಾಬೂದಾಣಿ, ಬಟಾಟಿ, ಬಾಳೆಹಣ್ಣು ಮಾತ್ರ ಸಕ್ಕರೆಯನ್ನು ಜೋರಾಗಿ ಏರಿಸುತ್ತವೆ. ಹೆಸರು ಉಪವಾಸ, ಹೊಟ್ಟೆಗೆ ದಿನಕ್ಕಿಂತ ಹೆಚ್ಚು.

ಹಾಗಲಕಾಯಿ, ಮೆಂತೆ ತಿನ್ನಿರಿ, ಬೇಡ ಅನ್ನುವುದಿಲ್ಲ. ಅದನ್ನು ತಿಂದು ಗುಳಿಗಿ ಬಿಡಬೇಡಿರಿ. "ಸಕ್ಕರಿ ಇಳೀತು, ಗುಳಿಗಿ ಸಾಕು" ಎಂದು ಬಿಡುವವರೇ ಹೆಚ್ಚು. ಇಳಿದದ್ದು ಗುಳಿಗಿಯಿಂದ. ಬಿಟ್ಟರೆ ಮತ್ತೆ ಏರುತ್ತದೆ. ನೆರೆಮನೆಯವರ ಗುಳಿಗಿಯನ್ನೂ ನುಂಗಬಾರದು. ಅವರ ಮೈ ಬೇರೆ, ನಮ್ಮ ಮೈ ಬೇರೆ.

ಹೆಣ್ಣುಮಕ್ಕಳ ಒಂದು ರೂಢಿ ಇಲ್ಲಿ ಕೆಡುಕು ಮಾಡುತ್ತದೆ. ಎಲ್ಲರೂ ಉಂಡ ಮೇಲೆ ನಾವು ಉಣ್ಣುತ್ತೇವೆ. ಬೆಳಿಗ್ಗೆ ಗುಳಿಗಿ ನುಂಗಿ, ಬರೀ ಚಹಾ ಕುಡಿದು, ಕಳೆ ತೆಗೆಯಲು ಹೋಗುತ್ತೇವೆ. ಮಧ್ಯಾಹ್ನ ಆದರೂ ಬುತ್ತಿ ಬಿಚ್ಚುವುದಿಲ್ಲ. ಆಗ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ಎದೆ ಡವಡವ, ಕಣ್ಣಿಗೆ ಕತ್ತಲೆ. ಹೀಗಾದರೆ ಕೂಡಲೇ 3 ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಬೇಕು. ಹೌದು, ಆಗ ಸಕ್ಕರೆಯೇ ಔಷಧ! 15 ನಿಮಿಷದಲ್ಲಿ ಆರಾಮ ಆಗದಿದ್ದರೆ ಇನ್ನೊಮ್ಮೆ ಕುಡಿಯಿರಿ, ಆಮೇಲೆ ರೊಟ್ಟಿ ಉಣ್ಣಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಹೊಲಕ್ಕೆ ಹೋಗುವಾಗ ಸೆರಗಿನ ಗಂಟಿನಲ್ಲಿ ಒಂದಿಷ್ಟು ಸಕ್ಕರೆ ಇರಲಿ. ಶ್ರಾವಣ ಸೋಮವಾರ ಉಪವಾಸ ಇರುವವರು ಗುಳಿಗಿ ಹೇಗೆ ತೆಗೆದುಕೊಳ್ಳಬೇಕು ಎಂದು ಮೊದಲೇ ಡಾಕ್ಟರನ್ನು ಕೇಳಿರಿ.

ತಂಬಾಕು, ಮಿಶ್ರಿ ರಕ್ತನಾಳವನ್ನು ಕೆಡಿಸುತ್ತವೆ. ಸಕ್ಕರಿ ರೋಗ ಇದ್ದವರು ಬಿಡಲೇಬೇಕು.

ಅಂಕಿ ಓದೋಣ, ಅಂಕಿ ಬರೆಯೋಣ

ನಾವು ಈಗ ಅಂಕಿ ಓದಲು ಕಲಿತಿದ್ದೇವೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರ ಇರುತ್ತದೆ. ಇರಲಿ, ಅಂಕಿ ನಮಗೆ ತಿಳಿಯುತ್ತದೆ. ಬರೀ ಹೊಟ್ಟೆಯಲ್ಲಿ ನೋಡಿದಾಗ ರೋಗ ಇಲ್ಲದವರಿಗೆ 100ಕ್ಕಿಂತ ಕಡಿಮೆ ಇರುತ್ತದೆ. 126 ಇಲ್ಲವೆ ಹೆಚ್ಚು ಬಂದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ರೋಗ ಇದೆ ಎಂದು ತಿಳಿಯಬೇಕು. ರೋಗ ಇದ್ದವರು ಬರೀ ಹೊಟ್ಟೆಯಲ್ಲಿ 80ರಿಂದ 130ರ ಒಳಗೆ, ಉಂಡು ಎರಡು ತಾಸಿನ ಮೇಲೆ 180ರ ಒಳಗೆ ಇಟ್ಟುಕೊಳ್ಳಬೇಕು. 70ಕ್ಕಿಂತ ಕೆಳಗೆ ಹೋದರೆ ಬಹಳ ಇಳಿಯಿತು ಎಂದರ್ಥ. ವಯಸ್ಸಾದವರಿಗೆ ಡಾಕ್ಟರು ಬೇರೆ ಅಂಕಿ ಹೇಳಬಹುದು. ಮೂರು ತಿಂಗಳ ಸಕ್ಕರೆಯನ್ನು ಒಟ್ಟಿಗೆ ತೋರಿಸುವ ಇನ್ನೊಂದು ಪರೀಕ್ಷೆ ಇದೆ. ಅದು 7ರ ಒಳಗೆ ಇದ್ದರೆ ಒಳ್ಳೆಯದು.

ಹೀಗೆ ಹಿಡಿತದಲ್ಲಿ ಇಟ್ಟರೆ ಉಪಯೋಗ ಇದೆಯೇ? ಇದೆ. ಬ್ರಿಟನ್ನಿನಲ್ಲಿ 5 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವರ್ಷಗಟ್ಟಲೆ ನೋಡಿ 1998ರಲ್ಲಿ ಲೆಕ್ಕ ಹೇಳಿದರು. ಸಕ್ಕರೆಯನ್ನು ಬಿಗಿ ಹಿಡಿತದಲ್ಲಿ ಇಟ್ಟವರಲ್ಲಿ ಕಣ್ಣು, ಮೂತ್ರಪಿಂಡದಂಥ ತೊಂದರೆ ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಗಿತ್ತು.

ಒಂದು ನೋಟುಬುಕ್ಕು ಇಡಿರಿ. ತಾರೀಕು, ಸಕ್ಕರೆಯ ಅಂಕಿ, ಬಿ.ಪಿ. ಅಂಕಿ ಬರೆಯಿರಿ. ಅಕ್ಷರ ಸೊಟ್ಟ ಆದರೂ ನಡೆಯುತ್ತದೆ. ವರ್ಷಕ್ಕೆ ಒಮ್ಮೆ ಕಣ್ಣಿನ ಒಳಪರದೆ, ಮೂತ್ರ, ಮೂತ್ರಪಿಂಡ ಪರೀಕ್ಷೆ ಮಾಡಿಸಿದ ದಿನವನ್ನೂ ಬರೆಯಿರಿ. ಬೈಲಹೊಂಗಲದ ಸರಕಾರಿ ಆಸ್ಪತ್ರೆಗೆ ಹೋಗುವಾಗ ಈ ಪುಸ್ತಕ ಮತ್ತು ನುಂಗುವ ಗುಳಿಗಿಯ ಹಾಳೆ ಎರಡನ್ನೂ ಚೀಲದಲ್ಲಿ ಹಾಕಿಕೊಳ್ಳಿರಿ.

ಡಾಕ್ಟರ ಮುಂದೆ ಕೂತಾಗ ರಕ್ತದ ಚೀಟಿ ಕೊಟ್ಟು ಎದ್ದು ಬರಬೇಡಿರಿ. ಚಪ್ಪಲಿ ಕಳೆಯಿರಿ. "ಸಾಹೇಬ್ರ, ಕಾಲೂ ಒಮ್ಮೆ ನೋಡ್ರಿ" ಅನ್ನಿರಿ. ಅವರು ಸಣ್ಣ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, "ಗೊತ್ತಾಗತೈತೇನು?" ಎಂದು ಕೇಳುತ್ತಾರೆ. ಕಣ್ಣು ಮುಚ್ಚಿಕೊಂಡು, ಗೊತ್ತಾದರೆ ಹೂಂ ಅನ್ನಿರಿ, ಗೊತ್ತಾಗದಿದ್ದರೆ ಸುಮ್ಮನಿರಿ. ಎಲ್ಲಿ ಗೊತ್ತಾಗಲಿಲ್ಲ ಎಂದು ಕೇಳಿ, ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿರಿ.