ವ್ಯಾನಿನೊಳಗೆ ಬಿಸಿಗಾಳಿ ಹೇಗೆ?

ಮಕ್ಕಳೇ, ಡಿಸೆಂಬರಿನ ಬೆಳಗಿನ ಜಾವ ಬನಶಂಕರಿಯಿಂದ ಮಡಿಕೇರಿಗೆ ವ್ಯಾನಿನಲ್ಲಿ ಪ್ರವಾಸ ಹೊರಟಿದ್ದೀರಿ ಎನ್ನೋಣ. ಬೆಂಗಳೂರಿನ ತಾಪಮಾನ 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು! ಈಗ ಅಷ್ಟು ಚಳಿ ಇಲ್ಲದಿದ್ದರೂ ಬೆರಳುಗಳು ಮರಗಟ್ಟುತ್ತವೆ. ಚಾಲಕರು ಹೀಟರ್ ಹಾಕುತ್ತಾರೆ. ಆದರೆ ಬಿಸಿಗಾಳಿ ಕೂಡಲೇ ಬರುವುದಿಲ್ಲ. ಏಕೆ?

ಎಂಜಿನ್‌ನಲ್ಲಿ ಇಂಧನ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ಎಂಜಿನ್ ತಂಪು ಮಾಡುವ ನೀರು ಇದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಆ ಬಿಸಿನೀರು ಹರಿಯುವ ಸಣ್ಣ ಕೊಳವೆಗಳ ಮೂಲಕ ಫ್ಯಾನು ಗಾಳಿ ತಳ್ಳುತ್ತದೆ. ಎಂಜಿನ್ ಕಾಯುವವರೆಗೆ ಹೀಟರೂ ತಣ್ಣಗೇ!

ವಾಹನ ನಿಲ್ಲಿಸಿ ಒಳಗೇ ಮಲಗುವಾಗ ಬಹಳ ಎಚ್ಚರ ಬೇಕು. ಗಾಜು ಮುಚ್ಚಿ ಎಂಜಿನ್ ಓಡಿಸಬಾರದು. ಕೆಂಡದ ಅಗ್ಗಿಷ್ಟಿಕೆಯನ್ನಂತೂ ಇಡಲೇಬಾರದು. ಇವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವರಿಗೆ ಅಪಾಯ ತಿಳಿಯುವುದೇ ಇಲ್ಲ, ಪ್ರಾಣವೇ ಹೋಗಬಹುದು.

ಎಂಜಿನ್ ಆರಿಸಿ, ಕಿಟಕಿ ಸ್ವಲ್ಪ ತೆರೆದು ಕಂಬಳಿ ಹೊದ್ದುಕೊಳ್ಳಿ. ಕಂಬಳಿ ತಾನಾಗಿ ಶಾಖ ಕೊಡುವುದಿಲ್ಲ. ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ನಿಮ್ಮ ಮೈಯ ಶಾಖವನ್ನು ಬೇಗ ಹೊರಹೋಗಲು ಬಿಡುವುದಿಲ್ಲ, ಅಷ್ಟೇ.